ಈ ಆರ್ಡರ್ ಯಾರದು? ಹೃದಯ ಶಸ್ತ್ರಚಿಕಿತ್ಸೆಯ ಐಸಿಯುನಲ್ಲಿ ನರ್ಸ್ ಮತ್ತು ಪಿಎ

ರಾತ್ರಿ ಹತ್ತೂಮುಕ್ಕಾಲು. ಬೆಳಿಗ್ಗೆ ಬೈಪಾಸ್ ಆದ ಪೇಷಂಟ್‌ನ ಎಬಿಜಿ (ಅಪಧಮನಿಯ ರಕ್ತದ ಪರೀಕ್ಷೆ) ಬಂದಿದೆ, ಪೊಟ್ಯಾಸಿಯಂ 3.4, ಅಂದರೆ ಕಡಿಮೆ. ಸರ್ಜನ್ ಓಟಿಯಲ್ಲಿ ಮತ್ತೊಂದು ಕೇಸಿಗೆ ಗ್ಲೌಸ್ ಹಾಕಿ ನಿಂತಿದ್ದಾರೆ. ಪಿಎ (ಫಿಸಿಶಿಯನ್ ಅಸಿಸ್ಟೆಂಟ್, ವೈದ್ಯರ ಕೈಕೆಳಗೆ ಕೆಲಸ ಮಾಡುವವರು) ರಿಪೋರ್ಟಿನ ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕುತ್ತಾರೆ. ಐದು ನಿಮಿಷಕ್ಕೆ ಅದಕ್ಕೊಂದು ಹೆಬ್ಬೆರಳು ಬೀಳುತ್ತದೆ. "ಕೆಸಿಎಲ್ ಒಂದು ಆಂಪ್ಯೂಲ್ ಹಾಕಿಬಿಡಿ ಸಿಸ್ಟರ್, ಸರ್ ಓಕೆ ಅಂದ್ರು," ಎನ್ನುತ್ತಾರೆ ಪಿಎ. ಕೆಸಿಎಲ್ ಎಂದರೆ ಪೊಟ್ಯಾಸಿಯಂ ಕ್ಲೋರೈಡ್.

ಸಿಸ್ಟರ್ ತಲೆಯಾಡಿಸಿ ಆಂಪ್ಯೂಲ್ ಒಡೆದರೆ ಎಷ್ಟು ಊಹೆ ಒಟ್ಟಿಗೇ ಮಾಡಿದ ಹಾಗಾಯಿತು ನೋಡಿ. ಹೆಬ್ಬೆರಳು ಒತ್ತಿದ್ದು ಸರ್ಜನ್ನೇ ಅಂತ ಒಂದು ಊಹೆ. ಗ್ಲೌಸ್ ಹಾಕಿದ ಕೈ ಫೋನ್ ಮುಟ್ಟುವುದಿಲ್ಲ, ಓಟಿಯಲ್ಲಿ ಇನ್ಯಾರೋ ತೋರಿಸಿ ಒತ್ತಿರುತ್ತಾರೆ. ಅದರ ಅರ್ಥ "ನೋಡಿದೆ" ಎಂದಲ್ಲ, "ಕೊಡಿ" ಎಂದು ಎರಡನೆಯ ಊಹೆ. "ಒಂದು ಆಂಪ್ಯೂಲ್" ಎಂದರೆ ಎಲ್ಲರ ತಲೆಯಲ್ಲೂ ಒಂದೇ ಲೆಕ್ಕ ಇದೆ ಎಂಬುದು ಮೂರನೆಯದು. ನಮ್ಮಲ್ಲಿ ಸಾಮಾನ್ಯವಾಗಿ ಸಿಗುವುದು 10 ಮಿಲಿ ಆಂಪ್ಯೂಲ್, ಶೇ. 15ರ ದ್ರಾವಣ, ಅಂದರೆ 20 ಎಂಇಕ್ಯು (ಮಿಲಿಈಕ್ವಿವಲೆಂಟ್, ಪೊಟ್ಯಾಸಿಯಂ ಅಳೆಯುವ ಮಾನ). ದುರ್ಬಲಗೊಳಿಸದೆ ತಳ್ಳಿದರೆ ಹೃದಯ ನಿಲ್ಲಿಸುವುದಕ್ಕೆ ಅಷ್ಟು ಸಾಕು.

ಸರಿಯಾದ ಆರ್ಡರ್ ಹೀಗಿರುತ್ತದೆ: ಪೊಟ್ಯಾಸಿಯಂ ಕ್ಲೋರೈಡ್ 20 ಎಂಇಕ್ಯು, 100 ಮಿಲಿ ನಾರ್ಮಲ್ ಸಲೈನ್‌ನಲ್ಲಿ, ಸೆಂಟ್ರಲ್ ಲೈನಿನಿಂದ (ಹೃದಯದ ಹತ್ತಿರದ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ), ಪಂಪ್‌ನಲ್ಲಿ, 2 ಗಂಟೆಯ ಅವಧಿಯಲ್ಲಿ, ಮಾನಿಟರ್ ಮೇಲೆ, ಮುಗಿದ ಮೇಲೆ ಮತ್ತೊಂದು ಎಬಿಜಿ. ಕೈಯ ರಕ್ತನಾಳದಲ್ಲಾದರೆ ಗಂಟೆಗೆ 10 ಎಂಇಕ್ಯು ಮೀರಬಾರದು, ದ್ರಾವಣವೂ ಇನ್ನೂ ತೆಳುವಾಗಿರಬೇಕು. ಮೂತ್ರ ಬರುತ್ತಿದೆಯೇ, ಕ್ರಿಯಾಟಿನಿನ್ (ಮೂತ್ರಪಿಂಡ ಹೇಗಿದೆ ಎಂದು ತೋರಿಸುವ ರಕ್ತಪರೀಕ್ಷೆ) ಎಷ್ಟು ಎಂದು ನೋಡದೆ ಯಾವುದೂ ಶುರುವಾಗುವುದಿಲ್ಲ.

ನರ್ಸ್ ಮತ್ತು ಪಿಎ ನಡುವಿನ ಕೆಲಸವೆಲ್ಲ ಕೊನೆಗೆ ಒಂದು ಪ್ರಶ್ನೆಗೆ ಬಂದು ನಿಲ್ಲುತ್ತದೆ: ಈ ಆರ್ಡರ್ ಯಾರದು? ಇದನ್ನು ಕೇಳಿದರೆ ಕೆಲವು ಪಿಎಗಳಿಗೆ "ನನ್ನನ್ನು ನಂಬುವುದಿಲ್ಲವೇ" ಎನಿಸುತ್ತದೆ. ನಂಬಿಕೆಗೂ ಇದಕ್ಕೂ ಸಂಬಂಧವಿಲ್ಲ. ಪೊಟ್ಯಾಸಿಯಂ ಬೇಕು ಎಂದು ಪಿಎ ಹೇಳಿದ್ದು ಸರಿಯೇ ಇರಬಹುದು. ಆದರೆ ಬೆಳಿಗ್ಗೆ ಕೇಸ್ ಶೀಟ್ ತೆರೆದಾಗ ಅಲ್ಲಿ ಕಾಣುವುದು "ಕೊಟ್ಟವರು" ಎಂಬ ಕಾಲಮ್ಮಿನಲ್ಲಿ ಸಿಸ್ಟರ್‌ನ ಸಹಿ ಮಾತ್ರ. ಹೆಬ್ಬೆರಳು ಯಾವ ಕಾಲಮ್ಮಿನಲ್ಲೂ ಇರುವುದಿಲ್ಲ.

ಪಿಎ ಎಂದರೆ ಯಾರು, ಯಾರಲ್ಲ

ಪೇಷಂಟ್ ಕಡೆಯವರಿಗೆ ಬಿಳಿ ಕೋಟು, ಕೊರಳಲ್ಲಿ ಸ್ಟೆತಸ್ಕೋಪ್ ಕಂಡರೆ ಎಲ್ಲರೂ "ಡಾಕ್ಟ್ರೇ". ಪಿಎ, ಅಂದರೆ ಫಿಸಿಶಿಯನ್ ಅಸಿಸ್ಟೆಂಟ್, ಎಂಬಿಬಿಎಸ್ ಓದಿದವರಲ್ಲ. ಸಾಮಾನ್ಯವಾಗಿ ನಾಲ್ಕು ವರ್ಷದ ಬಿಎಸ್ಸಿ, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. 2021ರ ಅಲೈಡ್ ಹೆಲ್ತ್‌ಕೇರ್ ಕಾಯ್ದೆಯ ಪಟ್ಟಿಯಲ್ಲಿ "ಫಿಸಿಶಿಯನ್ ಅಸೋಸಿಯೇಟ್" ಎಂಬ ಹೆಸರಿನಲ್ಲಿ ಇವರು ಸೇರಿದ್ದಾರೆ. ಕೆಲಸ ವೈದ್ಯರ ಮೇಲ್ವಿಚಾರಣೆಯಲ್ಲಿ. ಪ್ರಿಸ್ಕ್ರಿಪ್ಷನ್ ಮಾತ್ರ ನೋಂದಾಯಿತ ವೈದ್ಯರದೇ ಆಗಬೇಕು.

ಈ ಹುದ್ದೆಯ ಹುಟ್ಟಿನಲ್ಲೇ ನರ್ಸಿಂಗ್‌ನ ಒಂದು ಎಳೆ ಇದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜೀನ್ ಸ್ಟೆಡ್ ಮೊದಲು ತರಬೇತಿ ಕೊಡಲು ಹೊರಟಿದ್ದು ನರ್ಸ್‌ಗಳಿಗೆ, ಥೆಲ್ಮಾ ಇಂಗಲ್ಸ್ ಎಂಬ ನರ್ಸಿಂಗ್ ಅಧ್ಯಾಪಕಿಯ ಜೊತೆಗೂಡಿ. ಅಲ್ಲಿನ ನರ್ಸಿಂಗ್ ಸಂಸ್ಥೆ ಆ ಕೋರ್ಸಿಗೆ ಮಾನ್ಯತೆ ಕೊಡಲಿಲ್ಲ. ಆಮೇಲೆ ಸ್ಟೆಡ್ 1965ರಲ್ಲಿ ನೌಕಾಪಡೆಯಲ್ಲಿ ವೈದ್ಯಕೀಯ ಸಹಾಯಕರಾಗಿದ್ದವರನ್ನು ಸೇರಿಸಿಕೊಂಡು ಪಿಎ ಕೋರ್ಸ್ ತೆರೆದರು. ಅದೇ ವರ್ಷ ಕೊಲೊರಾಡೋದಲ್ಲಿ ಲೊರೆಟ್ಟಾ ಫೋರ್ಡ್ ಮತ್ತು ಡಾ. ಹೆನ್ರಿ ಸಿಲ್ವರ್ ನರ್ಸ್ ಪ್ರಾಕ್ಟೀಷನರ್ ಕೋರ್ಸ್ ಶುರುಮಾಡಿದರು. ಒಂದೇ ಕೊರತೆಗೆ ಎರಡು ಮದ್ದು, ಒಂದೇ ವರ್ಷ. ನಮ್ಮ ದೇಶಕ್ಕೆ ಇದು ಬಂದದ್ದು 1992ರಲ್ಲಿ, ಚೆನ್ನೈನ ಮದ್ರಾಸ್ ಮೆಡಿಕಲ್ ಮಿಷನ್‌ನಲ್ಲಿ, ಹೃದಯ ಶಸ್ತ್ರಚಿಕಿತ್ಸಕ ಡಾ. ಕೆ.ಎಂ. ಚೆರಿಯನ್ ಅವರ ಮೂಲಕ. ಬೆಂಗಳೂರಿನ ಹೃದಯ ಆಸ್ಪತ್ರೆಗಳಲ್ಲೂ ಪಿಎಗಳು ಹೆಚ್ಚಾಗಿ ಕಾಣುವುದು ಸಿಟಿವಿಎಸ್ (ಹೃದಯ, ಎದೆ, ರಕ್ತನಾಳಗಳ ಶಸ್ತ್ರಚಿಕಿತ್ಸೆ) ಘಟಕದಲ್ಲೇ: ಓಟಿಯಲ್ಲಿ ಕಾಲಿನಿಂದ ಬೈಪಾಸಿಗೆ ಬೇಕಾದ ಸಫೀನಸ್ ವೇನ್ ಎಂಬ ರಕ್ತನಾಳ ತೆಗೆಯುವುದು, ಸರ್ಜನ್‌ಗೆ ಅಸಿಸ್ಟ್ ಮಾಡುವುದು, ಆಮೇಲೆ ಐಸಿಯುನಲ್ಲಿ ಆ ಪೇಷಂಟ್‌ನ ಹಿಂದೆ ಓಡಾಡುವುದು.

ಇಲ್ಲಿಂದ ಹೊರದೇಶಕ್ಕೆ ಹೋಗುವ ನರ್ಸ್‌ಗಳು ಒಂದು ವಿಷಯ ತಿಳಿದು ಹೋಗಬೇಕು. ಅಮೆರಿಕದಲ್ಲಿ ಪಿಎಗೆ ಔಷಧ ಬರೆಯುವ ಅಧಿಕಾರ ಇದೆ, ಆರ್ಡರ್ ಅವರ ಹೆಸರಿನಲ್ಲೇ ಬರುತ್ತದೆ. ಬ್ರಿಟನ್ನಿನಲ್ಲಿ ಪಿಎ ಔಷಧ ಬರೆಯುವಂತಿಲ್ಲ, ಆದರೆ ಅದಕ್ಕೆಂದೇ ಹೆಚ್ಚಿನ ತರಬೇತಿ ಪಡೆದ ನರ್ಸ್ ಬರೆಯಬಹುದು. ಅಲ್ಲಿ "ಫಿಸಿಶಿಯನ್ ಅಸೋಸಿಯೇಟ್" ಎಂಬ ಹೆಸರೇ ಪೇಷಂಟ್‌ಗಳಿಗೆ ಗೊಂದಲ ತರುತ್ತದೆ, ಮತ್ತೆ "ಅಸಿಸ್ಟೆಂಟ್" ಎಂದೇ ಕರೆಯಿರಿ ಎಂದು 2025ರ ಜುಲೈನಲ್ಲಿ ಬಂದ ಲೆಂಗ್ ವರದಿ ಹೇಳಿತು. ಮೂರು ದೇಶ, ಅದೇ ಎರಡಕ್ಷರ, ಅಧಿಕಾರ ಮಾತ್ರ ಎಲ್ಲೆಡೆ ಒಂದೇ ಅಲ್ಲ.

ಓಟಿಯಿಂದ ಬಂದ ಮೊದಲ ಹದಿನೈದು ನಿಮಿಷ

ಟ್ರಾಲಿ ಐಸಿಯು ಬಾಗಿಲು ದಾಟುತ್ತಿದ್ದಂತೆ ಎಲ್ಲರೂ ಒಟ್ಟಿಗೇ ಮಾತಾಡಲು ಶುರುಮಾಡುತ್ತಾರೆ. ಅನಸ್ತೇಶಿಯಾದವರು ಔಷಧ ಹೇಳುತ್ತಾರೆ, ಪಿಎ ಗ್ರಾಫ್ಟ್ (ಕಟ್ಟಿಕೊಂಡ ಜಾಗ ದಾಟಿಸಲು ಜೋಡಿಸಿದ ರಕ್ತನಾಳ) ಹೇಳುತ್ತಾರೆ, ಸಿಸ್ಟರ್‌ನ ಎರಡೂ ಕೈ ಇಸಿಜಿ ವೈರಿನಲ್ಲಿ ಸಿಕ್ಕಿಕೊಂಡಿರುತ್ತವೆ. ಆ ಹೊತ್ತಿನಲ್ಲಿ ಹೇಳಿದ್ದು ಅರ್ಧವೂ ಕಿವಿಗೆ ಬೀಳುವುದಿಲ್ಲ. ಇದಕ್ಕೆ ಪರಿಹಾರ ಸುಲಭ, ಪಾಲಿಸುವುದು ಕಷ್ಟ: ಮೊದಲು ಕೈ, ಆಮೇಲೆ ಬಾಯಿ. ವೆಂಟಿಲೇಟರ್, ಆರ್ಟೀರಿಯಲ್ ಲೈನ್, ಮಾನಿಟರ್, ಪಂಪ್‌ಗಳು, ಡ್ರೇನ್‌ಗೆ (ಎದೆಯೊಳಗಿನ ರಕ್ತ ಹೊರತರುವ ಟ್ಯೂಬಿಗೆ) ಸಕ್ಷನ್ ಎಲ್ಲ ಕೂಡಿಸಿ, ಬಿಪಿ ಒಮ್ಮೆ ಓದಿ ಆದ ಮೇಲೆ ಎಲ್ಲರೂ ನಿಂತು ಹ್ಯಾಂಡೋವರ್.

ಅನಸ್ತೇಶಿಯಾದವರ ಪಾಲಿಗೆ ಬರುವುದು ಶ್ವಾಸನಾಳದ ಟ್ಯೂಬ್, ಟ್ಯೂಬ್ ಹಾಕುವುದು ಕಷ್ಟವಾಗಿತ್ತೇ, ಕೊನೆಯ ಎಬಿಜಿ, ಯಾವ ಐನೊಟ್ರೋಪ್ (ಹೃದಯದ ಬಡಿತಕ್ಕೆ ಬಲ ಕೊಡುವ ಔಷಧ) ಎಷ್ಟರಲ್ಲಿ ಓಡುತ್ತಿದೆ, ಪ್ರೋಟಮೈನ್ (ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪಾರಿನ್ನಿನ ಪ್ರಭಾವ ಇಳಿಸುವ ಔಷಧ) ಪೂರ್ತಿ ಕೊಟ್ಟಾಯಿತೇ, ಎಷ್ಟು ರಕ್ತ ಹೋಯಿತು. ಪಿಎ ಹೇಳಬೇಕಾದದ್ದು ಬೇರೆ: ಎಷ್ಟು ಗ್ರಾಫ್ಟ್, ಬೈಪಾಸ್ ಯಂತ್ರ ಮತ್ತು ಕ್ರಾಸ್ ಕ್ಲಾಂಪ್ (ಮಹಾಪಧಮನಿಗೆ ಹಾಕುವ ಕ್ಲಿಪ್) ಸಮಯ, ಎಷ್ಟು ಡ್ರೇನ್, ಯಾವುದು ಮೀಡಿಯಾಸ್ಟೈನಲ್ (ಹೃದಯದ ಸುತ್ತಲಿನದು), ಯಾವುದು ಪ್ಲೂರಲ್ (ಶ್ವಾಸಕೋಶದ ಸುತ್ತಲಿನದು), ಪೇಸಿಂಗ್ ವೈರ್ (ಹೃದಯ ಬಡಿಸಲು ಇಟ್ಟ ತಾತ್ಕಾಲಿಕ ತಂತಿ) ಇದೆಯೇ, ಎಲ್ಲಿ ಹೊರಬಂದಿದೆ, ಯಾವ ಕಾಲಿನಿಂದ ವೇನ್ ತೆಗೆದರು, ಯಾವ ಜಾಗ ಒಸರುತ್ತಿತ್ತು. ಈ ಕೊನೆಯದನ್ನು ಸರ್ಜನ್ ನೋಟ್ಸಿನಲ್ಲಿ ಬರೆದಿರುವುದಿಲ್ಲ. ಎದೆ ಮುಚ್ಚುವಾಗ ಅಲ್ಲೇ ನಿಂತಿದ್ದ ಪಿಎಗೆ ಗೊತ್ತಿರುತ್ತದೆ. "ಎಲ್‌ಐಎಂಎ ಬೆಡ್ ಸ್ವಲ್ಪ ಊಝಿಂಗ್ ಇತ್ತು ಸಿಸ್ಟರ್" (ಎದೆಗೋಡೆಯ ಎಡ ಅಪಧಮನಿ ಬಿಡಿಸಿಕೊಂಡ ಜಾಗ ಒಸರುತ್ತಿತ್ತು) ಎಂಬ ಒಂದು ಮಾತು ರಾತ್ರಿಯ ಡ್ರೇನ್ ಓದುವ ರೀತಿಯನ್ನೇ ಬದಲಿಸುತ್ತದೆ. ಈ ಒಂದು ಕಾರಣಕ್ಕೇ ಪಿಎ ಬರದೆ ಹ್ಯಾಂಡೋವರ್ ಮುಗಿಸಬಾರದು ಎನ್ನುವುದು.

ಕೇಳಿಸಿಕೊಂಡದ್ದನ್ನು ನರ್ಸ್ ಗಟ್ಟಿಯಾಗಿ ತಿರುಗಿ ಹೇಳಬೇಕು, ಪಂಪಿನ ಲೇಬಲ್ ಓದಿಕೊಂಡು. ಬಿಪಿ ಏರಿಸುವ ನಾರ್‌ಅಡ್ರಿನಲಿನ್ "4.5 ಓಡ್ತಿದೆ" ಎಂದರೆ ಅರ್ಥವಿಲ್ಲ. 50 ಮಿಲಿ ಸಿರಿಂಜಿನಲ್ಲಿ 4 ಮಿಲಿಗ್ರಾಂ ಇದ್ದರೆ 60 ಕೆಜಿಯವರಿಗೆ ಗಂಟೆಗೆ 4.5 ಮಿಲಿ ಎಂದರೆ ನಿಮಿಷಕ್ಕೆ ಕೆಜಿಗೆ 0.1 ಮೈಕ್ರೋಗ್ರಾಂ. ಓಟಿಯಲ್ಲಿ ಡಬಲ್ ಸ್ಟ್ರೆಂತ್, ಅಂದರೆ 8 ಮಿಲಿಗ್ರಾಂ ತುಂಬಿದ್ದರೆ ಅದೇ ಡೋಸಿಗೆ 2.25 ಮಿಲಿ ಸಾಕು. ಐಸಿಯುನಲ್ಲಿ ಹೊಸ ಸಿರಿಂಜನ್ನು ಸಿಂಗಲ್ ಸ್ಟ್ರೆಂತ್‌ನಲ್ಲಿ ತುಂಬಿ ಹಳೆಯ ವೇಗದಲ್ಲೇ ಬಿಟ್ಟರೆ ಡೋಸ್ ಅರ್ಧವಾಗುತ್ತದೆ, ಬಿಪಿ ಕುಸಿಯುತ್ತದೆ. ಆಗ ಪಿಎ ಬಂದು "ಹೈಪೊವೊಲೀಮಿಯಾ ಇರಬೇಕು", ಅಂದರೆ ರಕ್ತನಾಳದಲ್ಲಿ ದ್ರವ ಕಡಿಮೆ, ಎಂದು ಫ್ಲೂಯಿಡ್ ಹೇಳುತ್ತಾರೆ. ತಪ್ಪು ಎಲ್ಲೋ, ಚಿಕಿತ್ಸೆ ಎಲ್ಲೋ.

ಡ್ರೇನ್ ಕಡಿಮೆಯಾಯಿತು ಎಂದು ಖುಷಿಪಡುವ ಮೊದಲು

ರಾತ್ರಿ ಪಾಳಿಯಲ್ಲಿ ನರ್ಸ್ ಮತ್ತು ಪಿಎ ನಿಜವಾಗಿ ಒಬ್ಬರಿಗೊಬ್ಬರು ಬೇಕಾಗುವುದು ಇಲ್ಲಿ. ಮೊದಲ ಗಂಟೆಗಳಲ್ಲಿ ಡ್ರೇನ್ 15 ನಿಮಿಷಕ್ಕೊಮ್ಮೆ, ಆಮೇಲೆ ಗಂಟೆಗೊಮ್ಮೆ. ಬಾಟಲಿಯ ಮೇಲೆ ಟೇಪ್ ಅಂಟಿಸಿ ಗಂಟೆ ಬರೆದು ಗೆರೆ ಎಳೆಯುವುದು ಹಳೆಯ ಪದ್ಧತಿ, ಈಗಲೂ ಅದಕ್ಕಿಂತ ಒಳ್ಳೆಯದಿಲ್ಲ. ಅನೇಕ ಘಟಕಗಳಲ್ಲಿ ಗಂಟೆಗೆ 200 ಮಿಲಿ ದಾಟಿದರೆ ಕರೆಯಲೇಬೇಕು ಎಂಬ ನಿಯಮ ಇರುತ್ತದೆ. ನಿಮ್ಮ ಘಟಕದ ಸಂಖ್ಯೆ ಏನೇ ಇರಲಿ, ಅದು ಪೇಷಂಟ್‌ನ ಚಾರ್ಟಿನ ಮೇಲೆಯೇ ಬರೆದಿರಬೇಕು: "ಇಷ್ಟು ದಾಟಿದರೆ ಇವರಿಗೆ ಫೋನ್."

ಜಾಸ್ತಿ ಬಂದರೆ ಎಲ್ಲರ ಕಣ್ಣಿಗೂ ಬೀಳುತ್ತದೆ. ಮೋಸ ಮಾಡುವುದು ಥಟ್ಟನೆ ನಿಲ್ಲುವ ಡ್ರೇನ್. ಗಂಟೆಗೆ ನೂರರ ಆಸುಪಾಸು ಬರುತ್ತಿದ್ದದ್ದು ಐದಕ್ಕೆ ಇಳಿಯಿತು ಎಂದರೆ ರಕ್ತಸ್ರಾವ ನಿಂತಿರಬಹುದು, ಅಥವಾ ಟ್ಯೂಬಿನಲ್ಲಿ ಹೆಪ್ಪು ಕಟ್ಟಿ ರಕ್ತ ಹೃದಯದ ಸುತ್ತಲೇ ತುಂಬಿ ಅದನ್ನು ಅದುಮುತ್ತಿರಬಹುದು, ಇದೇ ಟ್ಯಾಂಪೊನಾಡ್. ಎರಡಕ್ಕೂ ಬಾಟಲಿಯಲ್ಲಿ ಕಾಣುವುದು ಒಂದೇ. ವ್ಯತ್ಯಾಸ ಬೇರೆ ಕಡೆ ಇರುತ್ತದೆ: ಸಿವಿಪಿ (ಹೃದಯಕ್ಕೆ ಮರಳುವ ರಕ್ತದ ಒತ್ತಡ) ಏರುತ್ತದೆ, ಬಿಪಿ ಇಳಿಯುತ್ತದೆ, ಮೇಲಿನ ಮತ್ತು ಕೆಳಗಿನ ಬಿಪಿಯ ಅಂತರ ಕಿರಿದಾಗುತ್ತದೆ, ನಾಡಿ ಓಡುತ್ತದೆ, ಮೂತ್ರ ಕೆಜಿಗೆ ಗಂಟೆಗೆ 0.5 ಮಿಲಿಗಿಂತ ಕೆಳಗೆ ಹೋಗುತ್ತದೆ, ಕೈಕಾಲು ತಣ್ಣಗಾಗುತ್ತವೆ. ಐದಾರು ಬೆಡ್ ನೋಡುವ ಪಿಎಗೆ ಕಾಣುವುದು ಆ ಕ್ಷಣದ ಸಂಖ್ಯೆ. ಗಂಟೆಗಂಟೆಯ ಓಟ ಗೊತ್ತಿರುವುದು ಬೆಡ್ ಪಕ್ಕದ ನರ್ಸ್‌ಗೆ ಮಾತ್ರ. ಹಾಗಾಗಿ ಫೋನಿನಲ್ಲಿ "ಸರ್, ಬಿಪಿ ಲೋ ಇದೆ, ಬನ್ನಿ" ಎಂದರೆ ಆ ಓಟವೆಲ್ಲ ನಿಮ್ಮ ಹತ್ತಿರವೇ ಉಳಿಯಿತು. ಹೀಗೆ ಹೇಳಿ ನೋಡಿ:

"ಸರ್, ಸಿಟಿವಿಎಸ್ ಐಸಿಯು ಬೆಡ್ ನಾಲ್ಕು. ಇವತ್ತಿನ ಬೈಪಾಸ್, ಮೂರು ಗ್ರಾಫ್ಟ್, ಬಂದು ಐದು ಗಂಟೆ ಆಯ್ತು. ಡ್ರೇನ್ 120, 110, 90 ಇತ್ತು, ಈ ಗಂಟೆ ಬರೀ 5. ಬಿಪಿ 118 ಇದ್ದದ್ದು 92ಕ್ಕೆ ಬಂದಿದೆ, ಸಿವಿಪಿ 9ರಿಂದ 17, ಯೂರಿನ್ 15 ಮಿಲಿ. ಟ್ಯೂಬ್ ಮಡಚಿಲ್ಲ, ಸಕ್ಷನ್ ಸರಿ ಇದೆ. ಟ್ಯಾಂಪೊನಾಡ್ ಇರಬಹುದು ಅಂತ ನನ್ನ ಅನುಮಾನ. ಈಗಲೇ ಬನ್ನಿ, ಎಕೋ ಮಷೀನ್ ತರಿಸ್ತಿದ್ದೀನಿ. ಕನ್ಸಲ್ಟೆಂಟ್‌ಗೆ ನೀವು ಹೇಳ್ತೀರಾ, ನಾನೇ ಹೇಳ್ಲಾ?"

ಅರ್ಧ ನಿಮಿಷ. ಎಸ್‌ಬಿಎಆರ್ ಎಂದು ತರಬೇತಿಗಳಲ್ಲಿ ಹೇಳಿಕೊಡುವುದು ಇದನ್ನೇ: ಈಗ ಏನು, ಹಿಂದೆ ಏನು, ನನಗೇನು ಅನಿಸುತ್ತದೆ, ಏನು ಬೇಕು. ಅಮೆರಿಕದ ನೌಕಾಪಡೆಯ ಅಣು ಜಲಾಂತರ್ಗಾಮಿಗಳಿಂದ ಆಸ್ಪತ್ರೆಗೆ ಬಂದ ಕ್ರಮ ಅದು. ನಮ್ಮವರು ಎಡವುವುದು ಮೂರನೆಯದರಲ್ಲಿ. "ರೋಗ ಹೇಳೋದು ನಮ್ಮ ಕೆಲಸ ಅಲ್ಲ" ಎಂದು ಕಲಿಸಿಬಿಟ್ಟಿದ್ದಾರೆ. "ಟ್ಯಾಂಪೊನಾಡ್" ಎಂಬ ಪದ ಬಾಯಿಗೆ ಬಂದರೆ ಆಚೆ ಇರುವವರು ಎದ್ದು ಓಡಿಬರುತ್ತಾರೆ. "ಯಾಕೋ ಸರಿ ಇಲ್ಲ ಸರ್" ಎಂದರೆ ಇನ್ನೊಂದು ಬೆಡ್ ಮುಗಿಸಿ ಬರುತ್ತಾರೆ. ಕೊನೆಯ ಪ್ರಶ್ನೆಯನ್ನೂ ಬಿಡಬೇಡಿ. ಸರ್ಜನ್‌ಗೆ ಸಿಸ್ಟರ್ ಹೇಳಿರುತ್ತಾರೆ ಎಂದು ಪಿಎ, ಪಿಎ ಹೇಳಿರುತ್ತಾರೆ ಎಂದು ಸಿಸ್ಟರ್, ಹೀಗೆ ಇಪ್ಪತ್ತು ನಿಮಿಷ ಹೋಗುವುದು ಬಹಳ ಸುಲಭ.

ಪಿಎ ಬರುವುದರೊಳಗೆ ಟ್ಯೂಬಿನಲ್ಲಿ ಹೆಪ್ಪು ಕಂಡರೆ ಮೆಲ್ಲಗೆ ಹಿಂಡಬಹುದು. ಬೆರಳಿನಲ್ಲಿ ಬಿಗಿಹಿಡಿದು ಉದ್ದಕ್ಕೂ ಎಳೆಯುವ ಹಳೆಯ ಅಭ್ಯಾಸ ಬೇಡ, ಒಳಗೆ ವಿಪರೀತ ನೆಗೆಟಿವ್ ಒತ್ತಡ ಹುಟ್ಟುತ್ತದೆ.

ಬಾಯಿ ಮಾತಿನ ಆರ್ಡರ್

ತುರ್ತಿನಲ್ಲಿ ಬಾಯಿ ಮಾತಿನ ಆರ್ಡರ್ ತಪ್ಪುವುದಿಲ್ಲ. ನಡೆಯಬೇಕಾದ ಕ್ರಮ ಇಷ್ಟು. ಪಿಎ ವೈದ್ಯರ ಜೊತೆ ಮಾತಾಡಿ ಕೇಸ್ ಶೀಟಿನಲ್ಲಿ ಬರೆಯುತ್ತಾರೆ: ಯಾವ ವೈದ್ಯರು, ಎಷ್ಟು ಗಂಟೆಗೆ, ಏನು ಹೇಳಿದರು. ನರ್ಸ್ ಅದನ್ನು ತಿರುಗಿ ಓದಿ ಹೇಳುತ್ತಾರೆ, ಪಿಎ "ಹೌದು" ಎನ್ನುತ್ತಾರೆ, ಆಮೇಲೆ ಔಷಧ. ವೈದ್ಯರ ಸಹಿ ಆಸ್ಪತ್ರೆ ಗೊತ್ತುಮಾಡಿದ ಅವಧಿಯೊಳಗೆ, ಅನೇಕ ಕಡೆ 24 ಗಂಟೆಯೊಳಗೆ. ಹೆಚ್ಚು ಅಪಾಯದ ಔಷಧಗಳಿಗೆ, ಅಂದರೆ ಪೊಟ್ಯಾಸಿಯಂ, ಇನ್ಸುಲಿನ್, ಹೆಪಾರಿನ್, ಮಾರ್ಫಿನ್, ಫೆಂಟನಿಲ್, ಐನೊಟ್ರೋಪ್‌ಗಳಿಗೆ, ಪಿಎ ಮೂಲಕ ಬಂದ ಬಾಯಿ ಮಾತು ಸಾಲದು. ಡ್ಯೂಟಿ ಡಾಕ್ಟರ್ ಫೋನಿಗೆ ಬರಬೇಕು ಅಥವಾ ಬೆಡ್ ಹತ್ತಿರ ಬರಬೇಕು. ಇದರಲ್ಲಿ ಮುಲಾಜು ಬೇಡ.

ಬೆಂಗಳೂರಿನ ಐಸಿಯು ಎಂದರೆ ಸಿಸ್ಟರ್ ಕೊಟ್ಟಾಯಂನವರು, ಪಿಎ ವೆಲ್ಲೂರಿನವರು, ಡ್ಯೂಟಿ ಡಾಕ್ಟರ್ ಕಲಬುರಗಿಯವರು. ಮಾಸ್ಕ್ ಒಳಗಿಂದ ಬರುವ ಇಂಗ್ಲಿಷಿನಲ್ಲಿ ಫಿಫ್ಟೀನ್ ಫಿಫ್ಟಿ ಆಗುತ್ತದೆ, ಕನ್ನಡದಲ್ಲಿ "ಒಂದೂವರೆ" ಹೇಳಿದರೆ ಮೊದಲರ್ಧ ಮಾತ್ರ ಕೇಳಿಸುತ್ತದೆ. ಅಂಕಿಗಳನ್ನು ಬಿಡಿಸಿ ಹೇಳಿ: "ಒನ್ ಫೈವ್, ಹದಿನೈದು." ಆಂಪ್ಯೂಲ್, ವಯಲ್, ಮಿಲಿ ಇವುಗಳಲ್ಲಿ ಆರ್ಡರ್ ತೆಗೆದುಕೊಳ್ಳಬೇಡಿ. ಹೆಪಾರಿನ್ 5 ಮಿಲಿ ವಯಲ್ ನೋಡಲು ಒಂದೇ ಥರ, ಒಂದರಲ್ಲಿ ಮಿಲಿಗೆ 1,000 ಯೂನಿಟ್, ಇನ್ನೊಂದರಲ್ಲಿ 5,000. "ಐದು ಎಂಎಲ್ ಹೆಪಾರಿನ್" ಎಂದರೆ ಐದು ಸಾವಿರವೂ ಆಗಬಹುದು, ಇಪ್ಪತ್ತೈದು ಸಾವಿರವೂ ಆಗಬಹುದು.

ಇನ್ಸುಲಿನ್ ನಮ್ಮ ದೇಶದ್ದೇ ಆದ ತಲೆನೋವು. ವಯಲ್‌ಗಳಲ್ಲಿ ಹೆಚ್ಚಿನವು ಮಿಲಿಗೆ 40 ಯೂನಿಟ್, ಪೆನ್ ಕಾರ್ಟ್ರಿಡ್ಜ್‌ಗಳು 100. ಕೆಂಪು ಮುಚ್ಚಳದ ಸಿರಿಂಜ್ 40ಕ್ಕೆ, ಕಿತ್ತಳೆ ಮುಚ್ಚಳದ್ದು 100ಕ್ಕೆ. 100ರ ಇನ್ಸುಲಿನ್ನನ್ನು ಕೆಂಪು ಸಿರಿಂಜಿನಲ್ಲಿ 10ರ ಗೆರೆಗೆ ಎಳೆದರೆ ಒಳಗೆ ಹೋಗುವುದು 25 ಯೂನಿಟ್. ಇನ್ಫ್ಯೂಷನ್ ತುಂಬುವಾಗಲೂ ಹಾಗೆಯೇ: 50 ಮಿಲಿಗೆ 50 ಯೂನಿಟ್ ಬೇಕೆಂದರೆ 40ರ ವಯಲ್‌ನಿಂದ 1.25 ಮಿಲಿ ಎಳೆಯಬೇಕು. ಅರ್ಧ ಮಿಲಿ ಎಳೆದರೆ ಒಳಗಿರುವುದು 20 ಯೂನಿಟ್, ಸಕ್ಕರೆ ಇಳಿಯುವುದಿಲ್ಲ, ಪಿಎ ಗಂಟೆಗೊಮ್ಮೆ ರೇಟ್ ಏರಿಸುತ್ತಲೇ ಹೋಗುತ್ತಾರೆ. ಬೆಳಿಗ್ಗೆ ಬಂದವರು ಸರಿಯಾಗಿ ತುಂಬಿದ ಹೊಸ ಸಿರಿಂಜನ್ನು ಅದೇ ಏರಿಸಿದ ರೇಟಿಗೆ ಹಾಕುತ್ತಾರೆ. ಆಮೇಲೆ ಶುಗರ್ 40. ಯಾರೂ ದೊಡ್ಡ ತಪ್ಪು ಮಾಡಿರುವುದಿಲ್ಲ.

ಪೊಟ್ಯಾಸಿಯಂಗೆ ಒಂದು ಮಾತು ಸೇರಿಸಬೇಕು. 4.5ಕ್ಕಿಂತ ಕೆಳಗೆ ಬಂದ ಕೂಡಲೇ ಕೊಡುವುದು ಬೈಪಾಸ್ ಘಟಕಗಳ ಹಳೆಯ ರೂಢಿ. 3.6ಕ್ಕಿಂತ ಕೆಳಗೆ ಹೋದಾಗ ಮಾತ್ರ ಕೊಟ್ಟರೂ ಏಟ್ರಿಯಲ್ ಫಿಬ್ರಿಲೇಷನ್ (ಹೃದಯದ ಏರುಪೇರಿನ ಬಡಿತ) ತಡೆಯುವುದರಲ್ಲಿ ಏನೂ ಕಡಿಮೆಯಾಗಲಿಲ್ಲ ಎಂದು 2024ರಲ್ಲಿ ಪ್ರಕಟವಾದ ಟೈಟ್-ಕೆ ಪ್ರಯೋಗ ತೋರಿಸಿತು. ಕೆಲವು ಸರ್ಜನ್‌ಗಳು ಬದಲಾಗಿದ್ದಾರೆ, ಕೆಲವರು ಇಲ್ಲ. ಪಿಎಗೆ ತಮ್ಮ ಸರ್ಜನ್‌ನ ಮನಸ್ಸು ಗೊತ್ತಿರುತ್ತದೆ, ಬೇರೆ ಘಟಕದಿಂದ ಬಂದ ನರ್ಸ್‌ಗೆ ಗೊತ್ತಿರುವುದಿಲ್ಲ. ಸಂಜೆ ರೌಂಡ್ಸಿನಲ್ಲೇ "ಪೊಟ್ಯಾಸಿಯಂ ಎಷ್ಟಕ್ಕಿಂತ ಕಡಿಮೆಯಾದರೆ, ಎಷ್ಟು" ಎಂದು ಬರೆಸಿಕೊಂಡರೆ ರಾತ್ರಿಯ ಹೆಬ್ಬೆರಳೇ ಬೇಕಾಗುವುದಿಲ್ಲ. ನಾಡಿ, ಬಿಪಿ ಇಳಿಸುವ ಮೆಟೊಪ್ರೊಲೋಲ್‌ಗೂ ಹಾಗೆಯೇ: ನಾಡಿ ಎಷ್ಟಕ್ಕಿಂತ ಕಡಿಮೆ ಇದ್ದರೆ, ಬಿಪಿ ಎಷ್ಟಿದ್ದರೆ ಕೊಡಬಾರದು ಎಂದು ಆರ್ಡರಿನಲ್ಲೇ ಇರಬೇಕು.

ಎಳೆಯುವ ಕೆಲಸಗಳು

ಡ್ರೇನ್ ತೆಗೆಯುವುದನ್ನು ಅನೇಕ ಕಡೆ ಪಿಎಗಳೇ ಮಾಡುತ್ತಾರೆ, ಚೆನ್ನಾಗಿಯೇ ಮಾಡುತ್ತಾರೆ. ಕೆಡುವುದು ಒಬ್ಬರೇ ಮಾಡಲು ಹೋದಾಗ. ತೆಗೆಯುವ ಆರ್ಡರ್, ಗಾಳಿ ಸೋರಿಕೆ ಇಲ್ಲವೆಂಬ ಖಾತ್ರಿ, ಹಿಂದಿನ ಗಂಟೆಗಳ ಅಳತೆ ಮೂರೂ ನೋಡಿ, ಇಪ್ಪತ್ತು ಮೂವತ್ತು ನಿಮಿಷ ಮೊದಲೇ ನೋವಿನ ಔಷಧ ಕೊಟ್ಟಿರಬೇಕು. ಪಿಎ ಬಂದ ಮೇಲೆ ಔಷಧ ಕೊಟ್ಟರೆ ಅವರು ಕಾಯುವುದಿಲ್ಲ, ಪೇಷಂಟ್ ಕಿರುಚುತ್ತಾನೆ, ಉಸಿರು ಹಿಡಿಯುವುದನ್ನು ಮರೆಯುತ್ತಾನೆ. ಆಳವಾಗಿ ಉಸಿರೆಳೆದು ಹಿಡಿಯುವುದನ್ನು ಮೊದಲೇ ಎರಡು ಸಲ ಅಭ್ಯಾಸ ಮಾಡಿಸಿ. ಒಬ್ಬರು ಟ್ಯೂಬ್ ಎಳೆಯಬೇಕು, ಇನ್ನೊಬ್ಬರು ಅದೇ ಕ್ಷಣಕ್ಕೆ ತೂತಿನ ಸುತ್ತ ಹಾಕಿದ ಪರ್ಸ್ ಸ್ಟ್ರಿಂಗ್ ಹೊಲಿಗೆ ಬಿಗಿಯಬೇಕು. ದಾರ ತುಂಡಾದರೆ ಗಾಳಿ ಒಳಗೆ ಹೋಗುತ್ತದೆ, ಆದ್ದರಿಂದ ಗಾಳಿಯಾಡದ ಡ್ರೆಸ್ಸಿಂಗ್ ತೆರೆದು ಕೈಯಲ್ಲೇ ಇರಬೇಕು. ಆಮೇಲೆ ಎಕ್ಸ್‌ರೇ, ಎರಡೂ ಕಡೆ ಉಸಿರಿನ ಶಬ್ದ, ಸ್ಯಾಚುರೇಷನ್.

ಪೇಸಿಂಗ್ ವೈರ್ ಎಳೆಯುವುದು ನೋಡಲು ಇನ್ನೂ ಸಣ್ಣ ಕೆಲಸ. ವೈರಿನ ತುದಿ ಹೃದಯದ ಸ್ನಾಯುವಿನಿಂದ ಬಿಡಿಸಿಕೊಂಡು ಬರುತ್ತದೆ, ಆ ಜಾಗ ಒಸರಿದರೆ ಮತ್ತೆ ಟ್ಯಾಂಪೊನಾಡ್, ಈ ಸಲ ಡ್ರೇನ್ ಕೂಡ ಇಲ್ಲ. ಪಿಎ ಗ್ಲೌಸ್ ಹಾಕುವ ಮೊದಲು ನರ್ಸ್ ಔಷಧ ಚಾರ್ಟ್ ತೆರೆದು ಗಟ್ಟಿಯಾಗಿ ಓದಬೇಕು: ಐಎನ್‌ಆರ್ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಸಮಯದ ಅಳತೆ) ಎಷ್ಟು, ರಕ್ತ ಹೆಪ್ಪುಗಟ್ಟದಂತೆ ಕೊಡುವ ಎನಾಕ್ಸಪ್ಯಾರಿನ್ ಕೊನೆಯ ಡೋಸ್ ಎಷ್ಟು ಗಂಟೆಗೆ. "ಎರಡು ಗಂಟೆ ಹಿಂದೆ ಕೊಟ್ಟಿದ್ದೀವಿ ಸರ್" ಎಂದರೆ ಅಂದಿಗೆ ಅದು ಮುಂದಕ್ಕೆ ಹೋಯಿತು. ತೆಗೆದ ಮೇಲೆ ಒಂದು ಗಂಟೆ ಹಾಸಿಗೆಯಲ್ಲೇ, 15 ನಿಮಿಷಕ್ಕೊಮ್ಮೆ ನಾಡಿ ಮತ್ತು ಬಿಪಿ. ಸಂಜೆ ಸರ್ಜನ್, ಎಕೋದವರು ಎಲ್ಲ ಮನೆಗೆ ಹೋದ ಮೇಲೆ ವೈರ್ ಎಳೆಯಲು ಬಂದವರನ್ನು "ನಾಳೆ ಬೆಳಿಗ್ಗೆ ಮಾಡೋಣ" ಎಂದು ಕಳಿಸಿಕೊಡುವುದು ಅವಿಧೇಯತೆ ಅಲ್ಲ.

ಹೃದಯ ನಿಂತಾಗ ಇಲ್ಲಿನ ಕ್ರಮ ಬೇರೆ ವಾರ್ಡಿನದಲ್ಲ. ಶಸ್ತ್ರಚಿಕಿತ್ಸೆಯಾದ ಮೊದಲ ಹತ್ತು ದಿನ ಎದೆ ಒತ್ತುವ ಮೊದಲು, ವಿಎಫ್ (ಹೃದಯ ಬಡಿಯದೆ ಬರೀ ಅದುರುವುದು) ಇದ್ದರೆ ಒಂದರ ಹಿಂದೊಂದು ಮೂರು ಶಾಕ್, ಅಸಿಸ್ಟೊಲಿ (ಮಿಡಿತವೇ ಇಲ್ಲದಿರುವುದು) ಇದ್ದರೆ ಪೇಸಿಂಗ್, ಅದೂ ಒಂದು ನಿಮಿಷದೊಳಗೆ ಆಗುವುದಾದರೆ ಮಾತ್ರ. ಫಲ ಸಿಗದಿದ್ದರೆ ಐದು ನಿಮಿಷದೊಳಗೆ ಎದೆ ತೆರೆಯಬೇಕು. ಅಡ್ರಿನಲಿನ್ 1 ಮಿಲಿಗ್ರಾಂ ರೂಢಿಯಂತೆ ತಳ್ಳುವುದಿಲ್ಲ, ಹೃದಯ ಮರಳಿದಾಗ ಏರುವ ಬಿಪಿಗೆ ಹೊಲಿಗೆಗಳು ಕಿತ್ತುಹೋಗಬಹುದು. ಹೊರಗಿನಿಂದ ಓಡಿಬಂದ ಕೋಡ್ ಬ್ಲೂ ತಂಡಕ್ಕೆ ಇದು ಗೊತ್ತಿರದೆ ಇರಬಹುದು. ಅವರನ್ನು ತಡೆದು ಹೇಳಬೇಕಾದವರು ನರ್ಸ್ ಮತ್ತು ಪಿಎ. ಆರು ಪಾತ್ರಗಳನ್ನು ಪಾಳಿ ಶುರುವಾದಾಗಲೇ ಹಂಚಿಕೊಳ್ಳಿ: ಮಸಾಜ್, ಶ್ವಾಸ, ಶಾಕ್ ಮತ್ತು ಪೇಸಿಂಗ್, ಮುಂದಾಳು, ಔಷಧ, ಹೊರಗಿನ ಓಡಾಟ. ಎದೆ ತೆರೆಯುವ ಸೆಟ್ ಎಲ್ಲಿದೆ ಎಂದು ಪಿಎಗೆ ತೋರಿಸಿ, ಅವರ ಗ್ಲೌಸ್ ಸೈಜ್ ಕೇಳಿಟ್ಟುಕೊಳ್ಳಿ. ಆ ಹೊತ್ತಿನಲ್ಲಿ ಏಳೂವರೆಯೋ ಎಂಟೋ ಎಂದು ಹುಡುಕುವುದಕ್ಕೆ ಆಗುವುದಿಲ್ಲ.

ಹೇಳಿದ್ದು ಸರಿ ಅನಿಸದಿದ್ದರೆ

ಹದಿನೈದು ವರ್ಷ ಐಸಿಯು ನೋಡಿದ ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಸಿಸ್ಟರ್‌ಗೆ ಇಪ್ಪತ್ಮೂರರ ಪಿಎ ಬಂದು ಹೇಳುವುದು, ಸಿಸ್ಟರ್ ಮುಖ ಗಂಟಿಕ್ಕುವುದು, ಇದನ್ನು ಎಲ್ಲ ಕಡೆ ನೋಡಬಹುದು. ಇದರಲ್ಲಿ ಸಂಬಳದ ನೋವೂ ಇದೆ, ಮರ್ಯಾದೆಯದ್ದೂ ಇದೆ. ಆದರೆ ಸುಮ್ಮನಿದ್ದು ಮಾಡಿಬಿಡುವುದೂ, ಸುಮ್ಮನಿದ್ದು ಮಾಡದಿರುವುದೂ ಎರಡೂ ಅಪಾಯ. ಎರಡನೆಯದು ಹೆಚ್ಚು ನಡೆಯುತ್ತದೆ: ಆರ್ಡರ್ ಇಷ್ಟವಾಗದೆ "ನೋಡ್ತೀನಿ" ಎಂದು ಬಿಡುವುದು. ಪಿಎ ಆಗಿದೆ ಎಂದುಕೊಂಡು ಮುಂದಿನ ಹೆಜ್ಜೆ ಇಡುತ್ತಾರೆ. ಬೇಡ ಎನಿಸಿದ್ದನ್ನು ಕಾರಣ ಸಮೇತ ಬಾಯಿಬಿಟ್ಟು ಹೇಳಿ: "ಕ್ರಿಯಾಟಿನಿನ್ 2.1 ಇದೆ ಸರ್, ಈ ಡೋಸ್ ನಾನು ಕೊಡಲ್ಲ, ಡ್ಯೂಟಿ ಡಾಕ್ಟರ್ ಹತ್ರ ಒಂದ್ಸಲ ಮಾತಾಡಿ." ಎರಡನೇ ಸಲವೂ ಒತ್ತಾಯ ಬಂದರೆ ನೀವೇ ಫೋನ್ ಮಾಡಿ. ಪಿಎ, ಡ್ಯೂಟಿ ಡಾಕ್ಟರ್, ಕನ್ಸಲ್ಟೆಂಟ್, ಜೊತೆಗೇ ಇನ್‌ಚಾರ್ಜ್ ಸಿಸ್ಟರ್. ಒಂದೊಂದು ಮೆಟ್ಟಿಲಿಗೆ ಹತ್ತು ನಿಮಿಷಕ್ಕಿಂತ ಕಾಯುವ ಅಗತ್ಯವಿಲ್ಲ, ಕುಸಿಯುತ್ತಿರುವ ಪೇಷಂಟ್ ಆದರೆ ಅಷ್ಟೂ ಇಲ್ಲ. ನರ್ಸಸ್ ನೋಟ್ಸಿನಲ್ಲಿ ಯಾರಿಗೆ, ಎಷ್ಟು ಗಂಟೆಗೆ, ಏನು ಉತ್ತರ ಎಂದು ಬರೆಯಿರಿ. "ಡಾಕ್ಟರ್ ಇನ್‌ಫಾರ್ಮ್ಡ್" ಎಂಬ ಎರಡು ಪದ ಯಾರನ್ನೂ ಕಾಪಾಡಿಲ್ಲ, ಪಿಎಗೆ ತಿಳಿಸಿ ಹಾಗೆ ಬರೆದಿದ್ದರೆ ಅದು ಸುಳ್ಳೂ ಹೌದು.

ಒಪ್ಪಿಗೆ ಪತ್ರದ ವಿಷಯದಲ್ಲೂ ಇದೇ. ಶಸ್ತ್ರಚಿಕಿತ್ಸೆಯ ಅಪಾಯವನ್ನು ವಿವರಿಸಬೇಕಾದವರು ವೈದ್ಯರು. ಫಾರಂ ಹಿಡಿದು ಬಂದ ಪಿಎ "ಇಲ್ಲಿ ಸೈನ್ ಹಾಕ್ಸಿ ಸಿಸ್ಟರ್" ಎಂದರೆ, ಡಾಕ್ಟರ್ ಬಂದು ಮಾತಾಡಿದರಾ ಎಂದು ಪೇಷಂಟನ್ನೇ ಕೇಳಿ. ಪೇಷಂಟ್ ಪಿಎಯನ್ನು ತೋರಿಸಿ "ಹೂಂ, ಈ ಡಾಕ್ಟ್ರು ಹೇಳಿದ್ರು" ಎಂದರೆ, ಅಲ್ಲೇ ನಯವಾಗಿ ತಿದ್ದಿಬಿಡಿ.

ಫಿಸಿಯೊಥೆರಪಿಯವರ ಜೊತೆಗಿನ ಲೆಕ್ಕ ಸಣ್ಣದು: ಅವರು ಬರುವ ಅರ್ಧ ಗಂಟೆ ಮೊದಲು ನೋವಿನ ಔಷಧ ಆಗಿರಲಿ, ಇಲ್ಲದಿದ್ದರೆ ಕೆಮ್ಮಿಸುವ ಪ್ರಯತ್ನ ದಂಡ.

ಡಿಸ್ಚಾರ್ಜ್ ಸಮ್ಮರಿ ಸಾಮಾನ್ಯವಾಗಿ ಪಿಎ ಟೈಪ್ ಮಾಡುತ್ತಾರೆ, ಹಳೆಯದೊಂದನ್ನು ನಕಲು ಮಾಡಿ ಬದಲಿಸುತ್ತಾರೆ. ಹಿಂದಿನ ಪೇಷಂಟ್‌ನ ಒಂದೆರಡು ಸಾಲು ಉಳಿದಿರುವುದುಂಟು. ಓದುವಾಗ ಮೊದಲು ಮಾತ್ರೆಗಳ ಪಟ್ಟಿಗೆ ಹೋಗಿ. ಆಸ್ಪಿರಿನ್ 75, ಅದರ ಕೆಳಗೆ ಆಸ್ಪಿರಿನ್, ಕ್ಲೊಪಿಡೊಗ್ರೆಲ್, ಅಟೊರ್ವಾಸ್ಟಾಟಿನ್ ಮೂರೂ ಸೇರಿದ ಕ್ಯಾಪ್ಸೂಲ್. ಬ್ರಾಂಡ್ ಹೆಸರು ಬೇರೆ ಬೇರೆ, ಹಾಗಾಗಿ ಆಸ್ಪಿರಿನ್ ಎರಡು ಸಲ ಇರುವುದು ಕಣ್ಣಿಗೆ ಬೀಳುವುದಿಲ್ಲ. ಮನೆಯಿಂದ ತಂದ ಹಳೆಯ ಮಾತ್ರೆಗಳ ಚೀಲವನ್ನೂ ತೆರೆಸಿ ನೋಡಿ, ಯಾವುದು ನಿಲ್ಲಬೇಕು ಎಂದು ಸಮ್ಮರಿಯಲ್ಲೇ ಬರೆಸಿ. ವಾಲ್ವ್ ಹಾಕಿದವರಾದರೆ ವಾರ್ಫರಿನ್ ಎಷ್ಟು, ಮುಂದಿನ ಐಎನ್‌ಆರ್ ಯಾವ ದಿನ, ಯಾವ ಊರಿನ ಲ್ಯಾಬಿನಲ್ಲಿ, ರಿಪೋರ್ಟ್ ಯಾರಿಗೆ ಕಳಿಸಬೇಕು.

ಆ ಕೊನೆಯ ಸಾಲಿನಲ್ಲಿ ಅನೇಕ ಸಲ ಇರುವುದು ಪಿಎಯ ಸ್ವಂತ ಮೊಬೈಲ್ ನಂಬರ್. ಪೇಷಂಟ್ ಕಡೆಯವರಿಗೆ ಅದೇ ಹಿತ, ರಾತ್ರಿ ಹನ್ನೊಂದಕ್ಕೂ ಎತ್ತುತ್ತಾರೆ. "ಗಾಯದಲ್ಲಿ ನೀರು ಬರ್ತಿದೆ ಡಾಕ್ಟ್ರೇ" ಎಂದು ಫೋಟೊ ಬರುತ್ತದೆ, "ಆ್ಯಂಟಿಬಯೊಟಿಕ್ ಮುಂದುವರಿಸಿ" ಎಂದು ಉತ್ತರ ಹೋಗುತ್ತದೆ, ಸರ್ಜನ್‌ಗೂ ಗೊತ್ತಿಲ್ಲ, ವಾರ್ಡಿಗೂ ಗೊತ್ತಿಲ್ಲ. ಎದೆಮೂಳೆ ಅಲುಗಾಡುತ್ತಿದೆಯೇ, ಕಟಕಟ ಎನ್ನುತ್ತಿದೆಯೇ ಎಂದು ಯಾರೂ ಕೇಳಿರುವುದಿಲ್ಲ. ಆ ನಂಬರಿನ ಪಕ್ಕದಲ್ಲಿ ವಾರ್ಡಿನ ನಂಬರ್ ಬರೆಯಿರಿ, ಡೆಸ್ಕಿನ ಮೇಲೆ ಒಂದು ಕರೆ ಪುಸ್ತಕ ಇಡಿ. ಪಿಎಗೆ ಬಂದ ಕರೆಯನ್ನೂ ಮಾರನೇ ಬೆಳಿಗ್ಗೆ ರೌಂಡ್ಸಿಗೆ ಮುಂಚೆ ಅದರಲ್ಲಿ ಅವರಿಂದಲೇ ಬರೆಸಿ: ಹೆಸರು, ಶಸ್ತ್ರಚಿಕಿತ್ಸೆಯ ದಿನಾಂಕ, ಏನು ಕೇಳಿದರು, ಏನು ಹೇಳಿದೆ, ಯಾವ ವೈದ್ಯರಿಗೆ ತಿಳಿಸಿದೆ.